ಮಬ್ಬು ಹಿಡಿದ ಮದುವೆ ರೀಲು

ಭಾನುವಾರ ಮಧ್ಯಾಹ್ನ ಕನ್ನಡಕದಂಗಡಿಯವಳು ಬಚ್ಚಲುಮನೆಯಲ್ಲಿ ಫಿಲ್ಮ್ ತೊಳೆಯುವ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಒಳಗಿದ್ದದ್ದು ನಾದಿನಿಯ ಮದುವೆಯ ಬಣ್ಣದ ರೀಲು. ಕಿತ್ತಳೆ ಬಣ್ಣಕ್ಕೆ ತಿಳಿಯಾಗಿ ಬರಬೇಕಿದ್ದ ನೆಗೆಟಿವ್ ಕೆಸರುನೀರಿನಂತೆ ಮಬ್ಬಾಗಿ, ದಟ್ಟವಾಗಿತ್ತು. ದೀಪಕ್ಕೆ ಹಿಡಿದರೂ ಮದುಮಗಳ ಮುಖ ಕಾಣಲೊಲ್ಲದು.

ಅನುಮಾನ ನೇರವಾಗಿ ಹೋದದ್ದು ಓರಗಿತ್ತಿಯ ಮೇಲೆ. ಹಿರಿಯ ಸೊಸೆ ಆಕೆ. ಮನೆಯಲ್ಲೇ ಫಿಲ್ಮ್ ತೊಳೆಯುವ ಈ ಹವ್ಯಾಸ ಶುರುವಾದಂದಿನಿಂದ "ಮನೆಯೆಲ್ಲ ಔಷಧಿ ನಾತ" ಎಂದು ಮೂಗು ಮುರಿದವಳು. ಕ್ಯಾಮೆರಾ ಮೂರು ದಿನ ಹಜಾರದ ಮೇಜಿನ ಮೇಲೇ ಇತ್ತು. ಬೇಕಂತಲೇ ಹಿಂಬದಿ ತೆರೆದು ಬೆಳಕು ಬಿಟ್ಟಳೇ?

ಆದರೆ ಬೆಳಕು ತಾಗಿದ್ದರೆ ರೀಲಿನ ಹೊರಸುತ್ತು ಸುಟ್ಟು, ಒಳಸುತ್ತು ಉಳಿಯಬೇಕಿತ್ತು. ಇಲ್ಲಿ ತುದಿಯಿಂದ ತುದಿಗೆ ಒಂದೇ ಮಬ್ಬು. ಚಿತ್ರ ಮೂಡಿಸುವ ದ್ರಾವಣ, ಡೆವಲಪರ್, ಬೆಳಿಗ್ಗೆಯಷ್ಟೇ ಕಲಸಿದ್ದು. ಶಾಖವೂ ಸಮಯವೂ ಸರಿಯಿದ್ದವು. ಉಳಿದದ್ದು ಒಂದೇ: ಫಿಲ್ಮಿನ ಬೆಳ್ಳಿಯನ್ನು ತೊಳೆದು ತೆಗೆಯುವ ಕೆಂಪು ದ್ರಾವಣ, ಬ್ಲಿಕ್ಸ್. ಎರಡೇ ಸಲ ಬಳಸಿದ್ದಳು. ಬಳಸದ ಫಿಲ್ಮಿನ ತುಂಡೊಂದನ್ನು ಅದರಲ್ಲಿ ಅದ್ದಿದಳು. ಮೂರ್ನಾಲ್ಕು ನಿಮಿಷಕ್ಕೆ ತಿಳಿಯಾಗಬೇಕಾದದ್ದು ಹತ್ತು ನಿಮಿಷವಾದರೂ ಜಪ್ಪಯ್ಯ ಅನ್ನಲಿಲ್ಲ. ದ್ರಾವಣದ ಶಕ್ತಿ ಮುಗಿದಿತ್ತು. ಬಾಟಲಿ ಮಾತ್ರ ಗುರುತಿನವರೆಗೆ ತುಂಬಿತ್ತು!

ಯಾರೋ ಬಳಸಿ ಮತ್ತೆ ಸುರಿದಿಟ್ಟಿರಬೇಕು. ಬೆಳಿಗ್ಗೆ ತಾನು ಮುಟ್ಟುವ ಮೊದಲೇ ಖಾಲಿ ಡಬ್ಬಿ ಒದ್ದೆಯಾಗಿದ್ದದ್ದು ಆಗ ನೆನಪಾಯಿತು. ಸೀದಾ ಹೋಗಿ ಓರಗಿತ್ತಿಯ ಕೋಣೆಯ ಬಾಗಿಲು ಬಡಿದಳು. ಒಳಗೆ ಏನೋ ಸರಸರ ಸದ್ದು. ಚಿಲಕ ತೆಗೆಯಲು ಬಹಳ ಹೊತ್ತಾಯಿತು.

"ಅಕ್ಕ, ನನ್ನ ಬಾಟಲಿ ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಲಿ?" ಎಂದಳು ಓರಗಿತ್ತಿ, ಕಣ್ಣು ತಪ್ಪಿಸಿ.

ಅವಳ ಬೆನ್ನ ಹಿಂದೆ, ಪರದೆಯ ಸರಳಿಗೆ ಬಟ್ಟೆ ಕ್ಲಿಪ್ಪು ಹಾಕಿದ ಆರು ಫಿಲ್ಮುಗಳು ತೂಗುತ್ತಿದ್ದವು. ಮೊದಲ ಮೂರು ತಿಳಿ, ನಾಲ್ಕನೆಯದು ಮಸುಕು, ಕೊನೆಯವು ಥೇಟ್ ಕೆಸರು.

"ಮತ್ತೆ ಇದೇನು?"

ಓರಗಿತ್ತಿ ಮಂಚದ ಮೇಲೆ ಕುಸಿದಳು. "ಬಾಗಿಲ ಸಂದಿಯಿಂದ ನೋಡಿ ನೋಡಿ ಕಲಿತೆ. ಡೆವಲಪರ್ ನಾನೇ ತಂದ್ಕೊಂಡೆ ಕಣೇ. ಆ ಕೆಂಪು ನೀರನ್ನ ನೀನು ಮತ್ತೆ ಬಾಟಲಿಗೇ ಸುರೀತಿದ್ದೆಯಲ್ಲ, ಅದು ಮುಗಿಯೋದೇ ಇಲ್ಲ ಅಂದ್ಕೊಂಡೆ."

"ಒಂದು ಮಾತು ಕೇಳಬಾರದಿತ್ತಾ?"

"ಬೈದ ಬಾಯಲ್ಲೇ ಹೇಗೆ ಕೇಳ್ಲಿ?"

ಕನ್ನಡಕದಂಗಡಿಯವಳು ನಂಬಲೋ ಬೇಡವೋ ಎಂದು ಮೊದಲ ಫಿಲ್ಮನ್ನು ಕಿಟಕಿಗೆ ಹಿಡಿದಳು. ಚಿತ್ರದಲ್ಲಿ ಅಂಗಡಿಯ ಗಾಜಿನಾಚೆ ನಿಂತು ಮಸೂರ ಒರೆಸುತ್ತಿರುವ ಹೆಂಗಸು. ತನ್ನದೇ ಅಂಗಡಿ, ತಾನೇ! ರಸ್ತೆಯ ಆಚೆಬದಿಯಿಂದ ತೆಗೆದದ್ದು. ಅಳತೆಯೂ ಬೆಳಕೂ ತನಗಿಂತ ಒಂದು ಕೈ ಮೇಲೇ. ಫಿಲ್ಮನ್ನು ಮತ್ತೆ ಕ್ಲಿಪ್ಪಿಗೆ ಸಿಕ್ಕಿಸಿದಳು.

"ಏಳಿ ಅಕ್ಕ, ಮದುವೆ ರೀಲು ಇನ್ನೂ ಕೆಟ್ಟಿಲ್ಲ."

ಹೊಸ ಬ್ಲಿಕ್ಸ್ ಕಲಸಿದರು. ಚಿತ್ರ ಆಗಲೇ ಮೂಡಿದ್ದರಿಂದ ಇನ್ನು ಬೆಳಕಿಗೆ ಹೆದರಬೇಕಿರಲಿಲ್ಲ. ದೀಪ ಹಾಕಿಕೊಂಡೇ ಮದುವೆಯ ರೀಲನ್ನು ಮತ್ತೆ ಮುಳುಗಿಸಿದರು. ಎಂಟು ನಿಮಿಷದಲ್ಲಿ ಮಬ್ಬು ಕರಗಿ ಹಾರ, ಕೈ, ಮುಖ ಒಂದೊಂದಾಗಿ ಮೂಡಿದವು.

ಓರಗಿತ್ತಿ ಬಗ್ಗಿ ನೋಡಿದಳು. "ಅಯ್ಯೋ, ಮದುಮಗಳೇ ಕಣ್ಣು ಮುಚ್ಚಿದಾಳಲ್ಲೇ!"