ಸಿಡಿಯದ ತೋಟೆ

ಬಾವಿಗೆ ಬಿದ್ದ ಕಾಡುಹಂದಿ ಬೆಳಗ್ಗಿನಿಂದ ಈಜುತ್ತಲೇ ಇತ್ತು. ಹೆಗಲಿನಿಂದ ಕೋವಿ ಇಳಿಸುತ್ತಾ ಜಯಂತ, ತನಗಿಂತ ಅದಕ್ಕೇ ಹೆಚ್ಚು ಕಸುವು ಉಳಿದಿದೆ ಎಂದುಕೊಂಡ. ಪುತ್ತಿಗೆಯ ಸುತ್ತಮುತ್ತ ಹಂದಿ ಹೊಡೆಯಲು ಪಂಚಾಯತು ಒಪ್ಪಿಗೆ ಕೊಟ್ಟಿದ್ದ ಶೂಟರುಗಳು ಒಬ್ಬೊಬ್ಬರಾಗಿ ಹಿಂದೆ ಸರಿದಿದ್ದರು. ಅರುವತ್ತು ದಾಟಿದ ಇವನೊಬ್ಬ ಮಾತ್ರ ಕರೆದಲ್ಲಿಗೆ ಹೋಗುತ್ತಿದ್ದ.

ಮಗಳು ಯಶ್ಮಿತಾ ಬಾವಿಕಟ್ಟೆಯ ಮೇಲೆ ಮೈಕು ಇಡುತ್ತಿದ್ದಳು. ಕೊಚ್ಚಿಯ ಒಂದು ವಿಡಿಯೋ ಗೇಮ್ ಕಂಪೆನಿಗೆ ಅವಳು ಮನೆಯಿಂದಲೇ ಶಬ್ದ ಕೂಡಿಸಿ ಕೊಡುತ್ತಾಳೆ: ಕೋವಿ ಬಿಚ್ಚುವ ಸದ್ದು, ಮದ್ದುಗುಂಡು ತುಂಬಿದ ತೋಟೆ ಒಳಗೆ ಜಾರುವ ಸದ್ದು, ಸಿಡಿತ. ಅವಳ ಆಟದಲ್ಲಿ ಕೋವಿ ಕೈಕೊಟ್ಟರೆ ಆಡುವವನು ಒಂದು ಗುಂಡಿ ಒತ್ತಿದರಾಯಿತು. ಕೈಯೊಂದು ಬಂದು ಕೋವಿಗೆ ಗುದ್ದುತ್ತದೆ, ಕೆಟ್ಟ ತೋಟೆ ಹಾರಿಹೋಗುತ್ತದೆ, ಮತ್ತೆ ಗುಂಡಿನ ಸುರಿಮಳೆ. ಅದನ್ನು ನೋಡಿದ ದಿನವೇ ಜಯಂತನ ಮನಸ್ಸು ಹಿಂಜರಿದಿತ್ತು. ಕೋವಿಯ ಲೈಸನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಡಿ ಎಂದು ಅವಳು ಕೇಳತೊಡಗಿ ವರ್ಷವಾಗಿತ್ತು. ವಯಸ್ಸಾಗಿ ತನಗೆ ಕೋವಿ ಭಾರವೆನಿಸತೊಡಗಿದ್ದರೂ ಅವನು ಒಪ್ಪಿರಲಿಲ್ಲ. ಆಟದಲ್ಲಿ ಕೋವಿ ಕಲಿತವಳು ನಿಜದ ಕೋವಿ ಹಿಡಿದು ಮುಖ ಸುಟ್ಟುಕೊಂಡರೆ?

“ಜಯಂತಣ್ಣ, ಬೇಗ ಒಮ್ಮೆ ಮುಗಿಸಿ ಮಾರಾಯ್ರೆ,” ಎಂದರು ಬಾವಿಯ ಒಡೆಯ ಗಣೇಶಪ್ರಸಾದ ಭಟ್ಟರು. “ಕುಡಿಯಲಿಕ್ಕೆ ನೀರಿಲ್ಲ.”

“ಹಂದಿ ಸತ್ತ ನೀರು ಕುಡೀತೀರಾ?”

“ಪಂಪು ಇಟ್ಟು ಖಾಲಿ ಮಾಡ್ತೇವೆ. ಮೊದಲು ನೀವು ಹಂದಿಯನ್ನು ಖಾಲಿ ಮಾಡಿ.”

ನೆರೆದವರು ನಕ್ಕರು. ಮೊಬೈಲುಗಳು ಮೇಲೆದ್ದವು. ಜಯಂತ ಕೋವಿಯನ್ನು ನಡುವಿನಲ್ಲಿ ಮಡಚಿ ಬಿಚ್ಚಿ, ಒಂಟಿ ನಳಿಗೆಯೊಳಗೆ ತೋಟೆ ತುರುಕಿ ಮುಚ್ಚಿ, ಹಂದಿಯ ಕಿವಿಯ ಹಿಂಬದಿಗೆ ಗುರಿಯಿಟ್ಟು ಟ್ರಿಗರ್ ಎಳೆದ.

ಟಕ್. ಅಷ್ಟೇ.

ಕೋವಿಯೊಳಗಿನ ಮೊಳೆ ತೋಟೆಯ ಬುಡದ ಕೇಪಿಗೆ ಬಡಿದಿತ್ತು. ಕೇಪು ಕಿಡಿ ಕಾರಬೇಕು, ಕಿಡಿ ಮದ್ದಿಗೆ ತಗಲಬೇಕು. ಥಂಡಿ ಹಿಡಿದ ತೋಟೆಯಲ್ಲಿ ಆ ಕಿಡಿ ಸಾಯಲೂಬಹುದು, ತಡೆದು ಹತ್ತಲೂಬಹುದು. ಮುಚ್ಚಿದ ಕೋವಿಯಲ್ಲಿ ಹತ್ತಿದರೆ ಗುಂಡು ಬಾವಿಗೆ ಹೋಗುತ್ತದೆ. ಬಿಚ್ಚಿದ ಕೋವಿಯಲ್ಲಿ ಹತ್ತಿದರೆ, ಬಗ್ಗಿ ನೋಡಿದವನ ಮುಖಕ್ಕೆ. ಕೋವಿಯ ಬಾಯಿ ತಿರುಗಿಸದೆ, ಬಿಚ್ಚದೆ ಅರ್ಧ ನಿಮಿಷ ಕಾಯಬೇಕೆಂಬುದು ಜಯಂತನಿಗೆ ಪ್ರಾಯಕಾಲದಿಂದ ಗೊತ್ತಿದ್ದ ಮಾತು.

“ಠುಸ್ ಆಯ್ತು,” ಎಂದ ಪಕ್ಕದ ಮನೆಯ ವಿನೀತ್, ಮೊಬೈಲು ಇಳಿಸದೆಯೇ. “ರೀಲೋಡ್ ಮಾಡಿ ಮಾಮ, ರೀಲೋಡ್.”

“ಕೋವಿಗೂ ಪೆನ್ಶನ್ ಆದ ಹಾಗೆ ಉಂಟು,” ಎಂದಿತು ಇನ್ನೊಂದು ದನಿ.

ತೋಳು ಸೋತು ಜಗ್ಗುತ್ತಿತ್ತು. ಇದು ಮುಗಿಯಬೇಕು, ಮನೆಗೆ ಹೋಗಿ ಮಲಗಬೇಕು; ಅವನ ತಲೆಯಲ್ಲಿ ಬೇರೇನೂ ಉಳಿದಿರಲಿಲ್ಲ. ಹೆಬ್ಬೆರಳು ತಾನಾಗಿಯೇ ಕೋವಿ ಬಿಚ್ಚುವ ಹಿಡಿಯ ಮೇಲೆ ಹೋಗಿ ಒತ್ತತೊಡಗಿತು.

“ಅಪ್ಪ, ಬಿಚ್ಚಬೇಡಿ.”

ಯಶ್ಮಿತಾಳ ಅಂಗೈ ಅವನ ಹೆಬ್ಬೆರಳನ್ನು ಅದುಮಿ ಹಿಡಿದಿತ್ತು. ಅವಳು ತಿರುಗಿಯೂ ನೋಡದೆ ಹೇಳಿದಳು: “ಎಲ್ಲರೂ ಹಿಂದೆ ಹೋಗಿ. ಗಣೇಶಣ್ಣ, ನೀವು ಕೂಡ.”

“ಎಷ್ಟು ಹೊತ್ತು?” ಎಂದರು ಭಟ್ಟರು.

“ನಾನು ಹೇಳುವವರೆಗೆ.”

ನಗು ನಿಂತು ಜನ ಹಿಂದೆ ಸರಿದರು. ಕೋವಿಯ ಬಾಯಿ ಬಾವಿಯತ್ತಲೇ ಇತ್ತು. ಕೆಳಗೆ ಹಂದಿ ಏದುಸಿರು ಬಿಡುತ್ತಿತ್ತು, ಮೇಲೆ ಜಯಂತ. ಈಗ ಸಿಡಿಯುತ್ತದೆ, ಇನ್ನೇನು ಸಿಡಿಯುತ್ತದೆ ಎಂದು ಅವನ ಭುಜ ಬಿಗಿಯಾಗುತ್ತಾ ಹೋಯಿತು.

ಅರ್ಧ ನಿಮಿಷ ದಾಟಿದರೂ ಸಿಡಿಯಲಿಲ್ಲ. ಅವಳು ಕೈ ತೆಗೆದಳು. ಅವನು ಮುಖ ಹೊರಳಿಸಿಕೊಂಡು ಕೋವಿ ಬಿಚ್ಚಿ ತೋಟೆಯನ್ನು ಬೀಳಿಸಿದ. ಅದರೊಳಗಿನ ಕಿಡಿ ಯಾವಾಗ ಸತ್ತಿತೋ, ಹುಟ್ಟಿಯೇ ಇರಲಿಲ್ಲವೋ, ಯಾರೂ ಹೇಳುವಂತಿರಲಿಲ್ಲ. ಎರಡನೆಯ ತೋಟೆ ಸಿಡಿಯಿತು. ಹಂದಿ ಈಜುವುದನ್ನು ನಿಲ್ಲಿಸಿತು.

ಜನ ಹಗ್ಗ ತರಲು ಹೋದಾಗ ಜಯಂತ ಕಟ್ಟೆಗೆ ಒರಗಿ ಕುಳಿತ.

“ನಿನ್ನ ಆಟದಲ್ಲಿ ಹೀಗೆ ಕಾಯಲಿಕ್ಕೆ ಇಲ್ಲ ಅಲ್ವಾ?”

“ಇಲ್ಲ. ಹಾಕುವ ಅಂತ ನಾನು ಹೇಳಿ ನೋಡಿದೆ. ಅಷ್ಟು ಹೊತ್ತು ಯಾರು ಕಾಯ್ತಾರೆ, ಆಡುವವ ಬಿಟ್ಟು ಹೋಗ್ತಾನೆ ಅಂದ್ರು ಕಂಪೆನಿಯವರು.”

“ಮತ್ತೆ ಕಾಯಬೇಕು ಅಂತ ನಿನಗೆ ಹೇಗೆ ಗೊತ್ತು?”

“ಒಳಗೆ ಎಂತ ಆಗ್ತದೆ ಅಂತ ತಿಳಿಯದೆ ಸದ್ದು ಮಾಡುವುದು ಹೇಗೆ ಅಪ್ಪ?”

ಜಯಂತ ತನ್ನ ಹೆಬ್ಬೆರಳನ್ನು ನೋಡಿಕೊಂಡ. ವರ್ಷವಿಡೀ ಅವಳ ಮುಖಕ್ಕೆ ಏನಾದೀತೋ ಎಂದು ಹೆದರಿದ್ದ. ಇವತ್ತು ಆ ಮುಖ ಕೋವಿಯಿಂದ ಗೇಣು ದೂರದಲ್ಲಿತ್ತು, ಬಿಚ್ಚಲು ಹೊರಟ ಕೈ ತನ್ನದಾಗಿತ್ತು.

“ಸೋಮವಾರ ಕಲೆಕ್ಟರೇಟಿಗೆ ಹೋಗುವ,” ಎಂದ. “ನಿನ್ನ ಹೆಸರಿಗೆ ಮಾಡಲಿಕ್ಕೆ ಹೇಳ್ತೇನೆ.”

ಅವಳು ಮೈಕಿನ ವಯರು ಸುತ್ತುವುದನ್ನು ನಿಲ್ಲಿಸಿದಳು. “ಲೈಸನ್ಸ್ ಬರುವಾಗ ತಿಂಗಳುಗಟ್ಟಲೆ ಆಗ್ತದೆ. ನಡುವೆ ಕರೆ ಬಂದರೆ?”

“ನಾನಂತೂ ಇನ್ನು ಕೋವಿ ಎತ್ತುವುದಿಲ್ಲ.”

“ಮತ್ತೆ ಹಂದಿ?”

“ಅಷ್ಟರವರೆಗೆ ಹಂದಿಗೂ ರಜೆ, ನನಗೂ ರಜೆ,” ಎಂದು ಜಯಂತ ಕಣ್ಣು ಮುಚ್ಚಿದ.