ಒತ್ತುವ ಮುನ್ನದ ತಗ್ಗು

೨೦೨೪ರ ಏಪ್ರಿಲ್ ಹದಿನೆಂಟು, ಗುರುವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಜೋಲೀನ್ ವಾವ್ರಾ ತನ್ನ ಎರಡೂ ಅಂಗೈಗಳನ್ನು ಥಿಯೋ ಲಿಂಡ್‌ಗ್ರೆನ್‌ನ ಬೆನ್ನಿನ ಮೇಲಿಟ್ಟು, ಬೆನ್ನುಮೂಳೆಯ ಬೇಕಾದ ಮಣಿಯನ್ನು ಬೆರಳಿನಿಂದ ಹುಡುಕಿ ಹಿಡಿದಳು. ಅಷ್ಟರಲ್ಲಿ ಗೋಡೆಯ ಮೇಲಿನ ಪರದೆ ಕಪ್ಪಾಯಿತು.

"ಲೈಲ್," ಎಂದರು ಡಾಕ್ಟರ್ ಆರ್ಡಿತ್ ಕೋಲ್ಬಿ, ದನಿ ಏರಿಸದೆ.

ಯಂತ್ರಗಳನ್ನು ನೋಡಿಕೊಳ್ಳುವ ಲೈಲ್ ಬೂರ್ ಆಗಲೇ ಮೇಜಿನ ಕೆಳಗೆ ತಲೆ ತೂರಿಸಿದ್ದ. "ಅಪ್‌ಡೇಟ್ ತಗೊಳ್ತಿದೆ ಡಾಕ್ಟ್ರೇ. ಆಮೇಲೆ ಮಾಡು ಅಂತ ನಾನು ಒತ್ತಿದ್ದೆ."

"ಯಾವಾಗ?"

"ನಿನ್ನೆ. ಮೊನ್ನೆ. ಅದರ ಹಿಂದಿನ ವಾರ ಪೂರ್ತಿ. ಅದಕ್ಕೇ ಇವತ್ತು ಯಾರನ್ನೂ ಕೇಳದೇ ಶುರು ಹಚ್ಕೊಂಡಿದೆ."

ಜೋಲೀನ್ ತಲೆಯೆತ್ತಿ ಅಧ್ಯಾಪಕಿಯನ್ನು ನೋಡಿದಳು. ಕೋಲ್ಬಿ ಕಿಟಕಿಯ ಬಳಿಯ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು. ಅವರ ಹಿಂದೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮಿಸಿಸಿಪ್ಪಿ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಹೇಳುವಂತಿರಲಿಲ್ಲ.

"ಕೈ ತೆಗೀಬೇಕು ಅನ್ಸಿದ್ರೆ ತೆಗಿ," ಎಂದರು ಕೋಲ್ಬಿ. "ನಾನಾಗಿದ್ರೆ ತೆಗೀತಿರ್ಲಿಲ್ಲ. ಜಾಗ ಸಿಕ್ಕಿದೆ."

ಜೋಲೀನ್ ತೆಗೆಯಲಿಲ್ಲ. ಮೇಜಿನ ಮೇಲೆ ಬೋರಲಾಗಿ ಮಲಗಿದ್ದ ಥಿಯೋ, ಮುಖಕ್ಕೆಂದು ಬಿಟ್ಟಿದ್ದ ಕಿಂಡಿಯಿಂದ ನೆಲದ ಕಡೆಗೆ ಮಾತಾಡಿದ: "ನನಗೇನೂ ಅವಸರ ಇಲ್ಲ. ನಮ್ಮ ಮಗು ಇಂಗಾಗೆ ಹಲ್ಲು ಬರ್ತಿದೆ. ರಾತ್ರಿಯಿಡೀ ನಾನು, ನನ್ನ ಹೆಂಡತಿ ಪಾಳಿ ಹಾಕ್ಕೊಂಡು ಎತ್ಕೊಂಡು ತಿರುಗಿದ್ವಿ. ಈ ವಾರ ನಾನು ಬೆನ್ನು ನೆಟ್ಟಗೆ ಮಾಡಿರೋ ಮೊದಲನೇ ಹಾಸಿಗೆ ಇದೇ."

"ಸಾರಿ ಥಿಯೋ. ನನ್ನಿಂದಾಗಿ ಇಷ್ಟು ಬೇಗ—"

"ಜೋ. ಇವತ್ತಿನ ಲೆಕ್ಕಕ್ಕೆ ಅದು ನಾಲ್ಕನೇದು. ಇನ್ನೂ ಒಂಬತ್ತು ಗಂಟೆ ಆಗಿಲ್ಲ."

ಇದು ಅವಳ ಮೂರನೆಯ ಪ್ರಯತ್ನ, ಕೊನೆಯದೂ ಹೌದು. ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ವಿದ್ಯೆ ಕಲಿಸುವ ಆ ಕಾಲೇಜಿನಲ್ಲಿ ಈಗ ಸೆಮಿಸ್ಟರುಗಳಿರಲಿಲ್ಲ. ಕೈಗೆ ಒಂದು ಕೆಲಸ ಬಂದಿದೆ ಎಂದು ತೋರಿಸಿದವರಿಗೆ ಮುಂದಿನ ಬಾಗಿಲು ತೆರೆಯುತ್ತಿತ್ತು. ತೋರಿಸುವತನಕ ಅದು ಮುಚ್ಚಿಯೇ ಇರುತ್ತಿತ್ತು. ಈ ಬಾಗಿಲು ದಾಟಿದರೆ ಕೆಳಗಿನ ಮಹಡಿಯ ಚಿಕಿತ್ಸಾಲಯ, ನಿಜವಾದ ರೋಗಿಗಳು. ಥಿಯೋ ಅದನ್ನು ಮಾರ್ಚಿನಲ್ಲೇ ದಾಟಿದ್ದ. ಅವನ ಬಿಳಿ ಕೋಟು ಬಂದು, ಜೇಬಿನ ಮೇಲೆ ಹೆಸರು ಹೊಲಿಸಿಯೂ ಆಗಿತ್ತು. ಆದರೆ ಚಿಕಿತ್ಸಾಲಯದಲ್ಲಿ ಇಬ್ಬಿಬ್ಬರು ಜೊತೆಯಾಗಿ ಕೆಲಸ ಮಾಡಬೇಕು. ಮೊದಲ ದಿನದಿಂದ ಒಬ್ಬರ ಬೆನ್ನಿನ ಮೇಲೊಬ್ಬರು ಕಲಿತವರು ತಾವು, ಹಾಗಾಗಿ ಜೋಲೀನ್ ಬರುವವರೆಗೆ ಕಾಯುತ್ತೇನೆ ಎಂದು ಅವನು ಹೇಳಿಬಿಟ್ಟಿದ್ದ. ಕಾಲೇಜು ಕಾಯಲು ಬಿಟ್ಟಿದ್ದು ಈ ವಾರದವರೆಗೆ ಮಾತ್ರ. ಇವತ್ತು ಆಗದಿದ್ದರೆ ಸೋಮವಾರ ಥಿಯೋಗೆ ಬೇರೆ ಜೊತೆ. ಜೋಲೀನ್‌ಗೆ ಆಗಸ್ಟ್‌ವರೆಗೆ ರಬ್ಬರಿನ ಬೊಂಬೆ.

ಬೊಂಬೆಯ ಜೊತೆ ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ಅದೇ ಎಲ್ಲರನ್ನೂ ಕಾಡಿದ ವಿಷಯ.

ಮೇಜಿನ ಮೆತ್ತೆಯ ಕೆಳಗೆ ಭಾರ ಅಳೆಯುವ ತಟ್ಟೆಗಳಿವೆ. ಅವು ಅಳೆದದ್ದು ಪರದೆಯ ಮೇಲೆ ಒಂದು ಗೆರೆಯಾಗಿ ಮೂಡುತ್ತದೆ. ಕೈಯಿಟ್ಟು ಮೆಲ್ಲಗೆ ಭಾರ ಬಿಟ್ಟಾಗ ಗೆರೆ ಸ್ವಲ್ಪ ಏರಿ ಬಯಲಿನಂತೆ ಸಮತಟ್ಟಾಗುತ್ತದೆ. ಒತ್ತಿದಾಗ ಚೂಪಾದ ಗುಡ್ಡವಾಗಿ ಎದ್ದು ಇಳಿಯುತ್ತದೆ. ಬಯಲಿನಿಂದ ನೇರ ಗುಡ್ಡಕ್ಕೆ ಹೋಗಬೇಕು. ನಡುವೆ ಕೈ ಒಂದಿಷ್ಟು ಹಿಂದೆ ಸರಿದರೂ ಅಲ್ಲೊಂದು ತಗ್ಗು ಬೀಳುತ್ತದೆ. ಒಂದು ನ್ಯೂಟನ್ ಎಂದರೆ ಅಂಗೈಯಲ್ಲಿಟ್ಟ ಸಣ್ಣ ಸೇಬಿನ ಭಾರ. ಇಪ್ಪತ್ತು ನ್ಯೂಟನ್ನಿಗಿಂತ ಆಳದ ತಗ್ಗನ್ನು ಪರೀಕ್ಷೆ ಒಪ್ಪುವುದಿಲ್ಲ. ಜೋಲೀನ್‌ಳ ತಗ್ಗು ಮೊದಲ ಸಲ ಅರವತ್ತೊಂದು, ಎರಡನೇ ಸಲ ನಲವತ್ತೆಂಟು.

ಕೋಲ್ಬಿ ಮೊದಲ ದಿನವೇ ಇಡೀ ತರಗತಿಯ ಗೆರೆಗಳನ್ನು ಒಂದರ ಮೇಲೊಂದು ಹಾಕಿ ತೋರಿಸಿದ್ದರು. ಪ್ರತಿಯೊಂದು ಗುಡ್ಡದ ಮುಂದೆಯೂ ತಗ್ಗಿತ್ತು.

"ಇದು ಏನು ಗೊತ್ತಾ?" ಎಂದು ಕೇಳಿದ್ದರು. "ಇದು ನಮ್ಮ ಅಯೋವಾ ರಾಜ್ಯ. ನಾನು ಕ್ಯಾಲಿಫೋರ್ನಿಯಾದಲ್ಲಿ ಎಂಟು ವರ್ಷ ಪಾಠ ಮಾಡಿದೀನಿ, ಅಲ್ಲೂ ತಗ್ಗು ಬೀಳುತ್ತೆ, ಆದ್ರೆ ಇಷ್ಟು ಆಳ ಇಲ್ಲ. ಅಂಗಡೀಲಿ ಒಬ್ಬರ ಪಕ್ಕ ಹಾದು ಹೋಗೋವಾಗ ಏನಂತೀರಿ?"

"ಓಪ್, ಸಾರಿ," ಎಂದಿತ್ತು ತರಗತಿ, ಒಂದೇ ಕೊರಳಲ್ಲಿ. ಯಾರಿಗಾದರೂ ತಾಗಿದಾಗ ಆ ಸೀಮೆಯವರ ಬಾಯಿಂದ ತಾನೇ ಹೊರಡುವ ಉದ್ಗಾರ ಅದು.

"ಅವರ ಕಾಲು ನಿಮಗೆ ತಾಗಿದ್ರೆ?"

"ಓಪ್, ಸಾರಿ."

"ಅದೇ ಇದು. ಬಾಯಲ್ಲಿ ಹೇಳ್ದೇ ಇದ್ರೂ ಕೈಯಲ್ಲಿ ಹೇಳ್ತಿದೀರಿ. ಕೈ ಹಿಂದೆ ತೆಗೆದ ಕೂಡ್ಲೆ ಮಲಗಿರೋರ ಬೆನ್ನು ಬಿಗಿಯಾಗುತ್ತೆ. ಬಿಗಿಯಾದ ಬೆನ್ನಿನ ಮೇಲೆ ಒತ್ತಿದ್ರೆ ನೋವು. ನೋಯಿಸೋದು ನಿಮ್ಮ ಒತ್ತಡ ಅಲ್ಲ, ನಿಮ್ಮ ಸಾರಿ."

ಅಂದಿನಿಂದ ಆ ತಗ್ಗಿಗೆ ಕಾಲೇಜಿನಲ್ಲಿ 'ಓಪ್' ಎಂದೇ ಹೆಸರಾಯಿತು. ಇವತ್ತು ನಿನ್ನ ಓಪ್ ಎಷ್ಟು, ನನ್ನದು ಹನ್ನೆರಡು, ಎಂದು ಊಟದ ಕೋಣೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಒಬ್ಬೊಬ್ಬರ ತಗ್ಗೂ ತುಂಬಿಕೊಂಡಿತು. ಜೋಲೀನ್‌ಳದು ಮಾತ್ರ ಉಳಿಯಿತು. ಮೂವತ್ತೆಂಟು ವರ್ಷದ ಅವಳು ಇಲ್ಲಿಗೆ ಬರುವ ಮುಂಚೆ ತಂದೆಯ ಜೊತೆ ಮನೆಗಳ ಮಾಡಿಗೆ ಛಾವಣಿ ಹೊದಿಸುವ ಕೆಲಸ ಮಾಡಿದವಳು. ಮಂಡಿಗಳು ಸವೆದ ಮೇಲೆ ಈ ಓದಿಗೆ ಬಂದಿದ್ದಳು. ಮೊಳೆ ಹೊಡೆಯಬೇಕಾದರೆ ಸುತ್ತಿಗೆ ಮೊದಲು ಮೇಲೆತ್ತಬೇಕಲ್ಲ, ಅದರ ಅಭ್ಯಾಸ ಇದು, ಎಂದು ಥಿಯೋ ವಾದಿಸಿದ್ದ. ಹಾಗಿದ್ದರೆ ಬೊಂಬೆಯ ಮೇಲೂ ತಗ್ಗು ಬೀಳಬೇಕಿತ್ತು. ಬೊಂಬೆಯ ಮೇಲೆ ಅವಳ ಗೆರೆ ಅಳತೆಪಟ್ಟಿ ಇಟ್ಟು ಎಳೆದ ಹಾಗಿತ್ತು. ಉಸಿರಾಡುವ ಬೆನ್ನಿನ ಮೇಲೆ ಮಾತ್ರ ಕೈ ಹಿಂಜರಿಯುತ್ತಿತ್ತು.

"ಒಳಗಿನಿಂದ ಹೇಗನ್ಸುತ್ತೆ?" ಎಂದು ಒಮ್ಮೆ ಅವಳು ಅವನನ್ನು ಕೇಳಿದ್ದಳು.

ಥಿಯೋ ಯೋಚಿಸಿ ಹೇಳಿದ್ದ: "ಯಾರೋ ಏನೋ ಹೇಳೋಕೆ ಅಂತ ಬಂದು, ಬಾಗಿಲಲ್ಲೇ ನಿಂತು, ವಾಪಸ್ ಹೋದ ಹಾಗೆ."

ಈಗ ಲೈಲ್ ಇನ್ನೂ ಮೇಜಿನ ಕೆಳಗೇ ಬಗ್ಗಿದ್ದ. ಕಪ್ಪು ಪರದೆಯ ನಡುವೆ ಒಂದು ಬಿಳಿ ಚುಕ್ಕಿ ಸುತ್ತುತ್ತಿತ್ತು. ಹೊರಗೆ ನದಿಯ ಮೇಲೆ, ಕಾಣದ ದೋಣಿಯೊಂದು ದೀರ್ಘವಾಗಿ ಕೂಗಿತು. ಬಹಳ ಹೊತ್ತಿನ ಮೇಲೆ ನದಿಯಾಚೆಯ ಇಲಿನಾಯ್ ದಂಡೆ ಅದನ್ನು ಹಿಂತಿರುಗಿಸಿತು. ಜೋಲೀನ್ ಮೊಣಕೈ ಸಡಿಲಿಸಿ, ಭಾರವನ್ನು ಅಂಗೈಗಳಲ್ಲಿ ಸುಮ್ಮನೆ ಇಳಿಬಿಟ್ಟಳು. ಬೆಚ್ಚಗಿನ ಬೆನ್ನು ಏರಿತು, ಇಳಿಯಿತು. ಅದರ ಜೊತೆ ಅವಳ ಕೈಗಳೂ.

ಕಾಲೇಜಿನ ಕಟ್ಟಡ ಒಂದು ಕಾಲಕ್ಕೆ ನದಿಯ ಚಿಪ್ಪುಗಳಿಂದ ಅಂಗಿಯ ಗುಂಡಿಗಳನ್ನು ಕತ್ತರಿಸುತ್ತಿದ್ದ ಕಾರ್ಖಾನೆಯಾಗಿತ್ತು. ಕಾರು ನಿಲ್ಲಿಸುವ ಜಾಗದ ಜಲ್ಲಿಯಲ್ಲಿ ಈಗಲೂ ಆ ಚಿಪ್ಪುಗಳು ಸಿಗುತ್ತವೆ, ಒಂದೊಂದರಲ್ಲೂ ದುಂಡನೆಯ ತೂತುಗಳು. ಬೆಳಿಗ್ಗೆ ಬರುವಾಗ ಜೋಲೀನ್ ಒಂದನ್ನು ಎತ್ತಿ ಜೇಬಿಗೆ ಹಾಕಿಕೊಂಡಿದ್ದಳು. ಅದು ಈಗ ತೊಡೆಗೆ ತಣ್ಣಗೆ ಒತ್ತುತ್ತಿತ್ತು. ಎದುರಿನ ಗೋಡೆ, ಲೈಲ್‌ನ ಬಗ್ಗಿದ ಬೆನ್ನು, ಕೋಲ್ಬಿಯ ನೀಲಿ ಕಾರ್ಡಿಗನ್ ಎಲ್ಲವೂ ಮಂಜಿನ ಬೆಳಕಿನಲ್ಲಿ ಅಂಚು ಕಳೆದುಕೊಂಡವು. ಅವಳಿಗೆ ಬೇಸಿಗೆಯ ಮಾಡುಗಳು ನೆನಪಾದವು. ಬಿಸಿಲೇರುವ ಮುಂಚೆ ಮುಗಿಸಬೇಕೆಂದು ನಸುಕಿನಲ್ಲೇ ಏಣಿ ಹತ್ತುತ್ತಿದ್ದ ದಿನಗಳು. ಕೆಳಗೆ ಮನೆಯವರು ಇನ್ನೂ ಮಲಗಿರುತ್ತಿದ್ದರು. ತಂದೆ ಉಪಕರಣ ತರುವವರೆಗೆ ಅವಳು ಮಾಡಿನ ಮೇಲೆ ಬೋರಲು ಮಲಗಿ ಕೆನ್ನೆ ಒತ್ತಿಕೊಂಡಿರುತ್ತಿದ್ದಳು. ಹಿಂದಿನ ದಿನದ ಬಿಸಿ ಹಲಗೆಗಳಲ್ಲಿ ಇನ್ನೂ ಉಳಿದಿರುತ್ತಿತ್ತು. ಇಡೀ ಮನೆ ತನ್ನ ಕೆಳಗೆ ಉಸಿರಾಡುತ್ತಿದೆ ಎನಿಸುತ್ತಿತ್ತು. ಆ ಮನೆ ಅವಳ ಭಾರವನ್ನು ಹೊತ್ತುಕೊಂಡಿರುತ್ತಿತ್ತು. ಅದಕ್ಕೆ ಅವಳು ಏನನ್ನೂ ಹೇಳಬೇಕಾಗಿರಲಿಲ್ಲ.

ಪರದೆ ಬೆಳಗಿತು. ಅಂಕಿಗಳಿಲ್ಲ, ಹೆಸರಿಲ್ಲ, ಒಂದೇ ಒಂದು ಗೆರೆ. ಅದು ನಿಧಾನವಾಗಿ ಏರಿ, ನಿಧಾನವಾಗಿ ಇಳಿದು, ಮತ್ತೆ ಏರಿತು.

"ಇದೇನಿದು ಅಲೆ?" ಲೈಲ್ ಎದ್ದು ನಿಂತ. "ಕೆಟ್ಟೋಯ್ತಾ? ಮೇಲಕ್ಕೂ ಕೆಳಕ್ಕೂ ಆರು ನ್ಯೂಟನ್ ಓಡಾಡ್ತಿದೆ. ಏನೂ ಮುಟ್ಟಿಲ್ಲ ನಾನು."

"ಶ್," ಎಂದರು ಕೋಲ್ಬಿ. "ಅದು ಥಿಯೋ. ಅವನ ಉಸಿರು."

ಮೂವರೂ ಅದನ್ನೇ ನೋಡಿದರು. ಅಲೆಗಳು ಒಂದರ ಹಿಂದೊಂದು ಪರದೆಯ ಎಡದಿಂದ ಹೊರಟು ಬಲಕ್ಕೆ ಹೋಗುತ್ತಿದ್ದವು, ಯಾವ ಅವಸರವೂ ಇಲ್ಲದೆ. ಕಿಂಡಿಯ ಕೆಳಗಿನಿಂದ ತೆಳುವಾದ ಗೊರಕೆ ಕೇಳಿಸಿತು. ಲೈಲ್ ಬಾಯಿಗೆ ಕೈ ಅಡ್ಡ ಹಿಡಿದ. ಆಮೇಲೆ ಪರದೆಯ ಮೂಲೆಯಲ್ಲಿ ಹಸಿರು ದೀಪ ಹತ್ತಿತು.

"ಸಿದ್ಧ," ಎಂದು ಪಿಸುಗುಟ್ಟಿದ.

ಕೋಲ್ಬಿ ಕೂಡ ದನಿ ತಗ್ಗಿಸಿದರು. "ನಿಯಮ ಗೊತ್ತಲ್ಲ ಜೋಲೀನ್. ಒತ್ತೋಕೆ ಮುಂಚೆ ಕೇಳ್ಬೇಕು. ಅವನು ಹೂಂ ಅನ್ನಬೇಕು. ನಿದ್ದೆಯಲ್ಲಿರೋನು ಹೂಂ ಅಂದ ಲೆಕ್ಕ ಅಲ್ಲ."

"ಗೊತ್ತು."

ಎಬ್ಬಿಸಬೇಕು. ಒಂದು ವಾರ ನಿದ್ದೆಯಿಲ್ಲದ ಮನುಷ್ಯ, ಅವಳಿಗಾಗಿಯೇ ಇಷ್ಟು ಬೇಗ ಬಂದವನು. ಇಷ್ಟು ದಿನ ಅವಳಿಗಾಗಿಯೇ ಕಾದವನು. ಭುಜ ತಟ್ಟಲು ಅವಳ ಬಲಗೈ ಹಗುರಾಗತೊಡಗಿತು. ಪರದೆಯ ಮೇಲೆ ಅಲೆ ಒಂದಿಷ್ಟು ಕೆಳಗೆ ಜಾರಿತು. ಆ ಎರಡು ಶಬ್ದಗಳು ಆಗಲೇ ನಾಲಿಗೆಯ ತುದಿಗೆ ಬಂದು ಕೂತಿದ್ದವು. ಹುಟ್ಟಿದಾಗಿನಿಂದ ಪ್ರತಿ ಬಾಗಿಲಲ್ಲಿ, ಪ್ರತಿ ಸಾಲಿನಲ್ಲಿ, ಪ್ರತಿ ಊಟದ ಮೇಜಿನಲ್ಲಿ ಅವಳಿಗಿಂತ ಮುಂಚೆ ಒಳಗೆ ಹೋಗಿ ಜಾಗ ಕೇಳಿದ ಶಬ್ದಗಳು. ಅವು ಅಲ್ಲೇ ಕೂತಿರಲಿ ಎಂದು ಬಿಟ್ಟಳು.

ಬಲಗೈಗೆ ಭಾರ ಮರಳಿತು. ಮತ್ತೊಂದಿಷ್ಟು ಭಾರ ಬಿಟ್ಟಳು. ಗೆರೆ ಏರಿ, ಅಲೆಗಳನ್ನು ಹೊತ್ತುಕೊಂಡೇ ಮತ್ತೆ ಬಯಲಿನಂತೆ ಸಮತಟ್ಟಾಯಿತು.

"ಥಿಯೋ."

ಅಲೆ ಏರಿತು, ಇಳಿಯಿತು.

"ಥಿಯೋ, ಎದ್ದೇಳು. ನಾನು."

"ಹ್ಞಾ... ಇಂಗಾ?"

"ಜೋ. ನನ್ನ ಕೈ ನಿನ್ನ ಬೆನ್ನಿನ ಮೇಲಿದೆ. ಒತ್ತಲಾ?"

ಅವನು ತುಂಬ ಆಳದಿಂದ ಮೇಲೆ ಬರುತ್ತಿರುವುದು ಅಂಗೈಗಳಿಗೆ ಗೊತ್ತಾಯಿತು. ಮೊದಲು ಪಕ್ಕೆಗಳು ಎಚ್ಚರಾದವು, ಆಮೇಲೆ ಹೆಗಲು, ಕೊನೆಗೆ ದನಿ. ಬೆನ್ನು ಬಿಗಿಯಲಿಲ್ಲ. ಬಿಗಿಯಲು ಅಲ್ಲಿ ಹೊಸದೇನೂ ಬಂದಿರಲಿಲ್ಲ. ಕೈಗಳು ಮುಂಚಿನಿಂದಲೂ ಅಲ್ಲೇ ಇದ್ದವು.

"ಹೂಂ," ಎಂದ ಥಿಯೋ, ಪೂರ್ತಿ ಎಚ್ಚರದಲ್ಲಿ. "ಒತ್ತು."

ಅವನು ಉಸಿರು ಬಿಟ್ಟ. ಉಸಿರು ತಳ ಮುಟ್ಟುವವರೆಗೆ ಅವಳು ಅದರ ಜೊತೆಯಲ್ಲೇ ಇಳಿದಳು. ಅಲ್ಲಿಂದಲೇ ಒತ್ತಿದಳು.

ಒಳಗೆಲ್ಲೋ ಒಂದು ಸಣ್ಣ ಸದ್ದಾಯಿತು, ನೀರಿನಡಿಯಲ್ಲಿ ಎರಡು ಕಲ್ಲು ತಾಗಿದ ಹಾಗೆ.

ಯಾರೂ ಕೂಡಲೇ ಪರದೆಯ ಕಡೆ ನೋಡಲಿಲ್ಲ. ಜೋಲೀನ್ ಕೈಗಳನ್ನು ಒಂದೊಂದಾಗಿ ಎತ್ತಿ ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು.

"ಆಯ್ತಾ?" ಎಂದ ಥಿಯೋ ನೆಲಕ್ಕೆ.

"ಆಯ್ತು."

"ಈ ಸಲ ಬಾಗಿಲಲ್ಲಿ ಯಾರೂ ನಿಲ್ಲಲಿಲ್ಲ." ಮತ್ತೆ ಸೇರಿಸಿದ: "ಡಾಕ್ಟ್ರೇ, ಮುಂದಿನ ಪರೀಕ್ಷೆ ಎಷ್ಟು ಗಂಟೆಗೆ?"

"ಹತ್ತಕ್ಕೆ."

"ಹಾಗಾದ್ರೆ ಅಲ್ಲಿವರೆಗೆ ನಾನು ಇಲ್ಲೇ ಇರ್ತೀನಿ. ಮನೇಲಿ ಕೇಳಿದ್ರೆ ಪರೀಕ್ಷೆ ಇನ್ನೂ ನಡೀತಿದೆ ಅನ್ನಿ."

"ಸುಳ್ಳೇನಲ್ಲ," ಎಂದರು ಕೋಲ್ಬಿ. ಸ್ಟೂಲಿನಿಂದ ಇಳಿದು ಬಂದು, ಪರದೆಯನ್ನು ಕನ್ನಡಕದ ಮೇಲಿನಿಂದ ಒಮ್ಮೆ, ಒಳಗಿನಿಂದ ಒಮ್ಮೆ ಓದಿದರು. ಜೋಲೀನ್‌ಳ ಮೊಣಕೈಯನ್ನು ಒಂದು ಕ್ಷಣ ಹಿಡಿದು, ದೀಪ ಆರಿಸಿ ಹೊರಟರು. ಲೈಲ್ ಬೂಟಿನ ಸದ್ದಾಗದಂತೆ ಅವರ ಹಿಂದೆ ಹೋದ. ಬಾಗಿಲಲ್ಲಿ ಇಬ್ಬರೂ ಒಟ್ಟಿಗೆ ಸಿಕ್ಕಿಕೊಂಡರು.

"ಓಪ್," ಎಂದ ಲೈಲ್.

"ಓಪ್," ಎಂದರು ಕೋಲ್ಬಿ.

ಜೋಲೀನ್ ಗೋಡೆಯ ಮೊಳೆಯಿಂದ ತನ್ನ ಜಾಕೆಟ್ ತೆಗೆದು ಥಿಯೋನ ಬೆನ್ನಿಗೆ ಹೊದಿಸಿದಳು. ಅವನಿಗೆ ಆಗಲೇ ನಿದ್ದೆ ಹತ್ತಿತ್ತು. ಕಿಟಕಿಯಲ್ಲಿ ಮಂಜು ಒಂದು ಕಡೆ ತೆಳುವಾಗಿ, ನೀರಿನ ಒಂದು ತುಂಡು ಬೆಳ್ಳಗೆ ಕಾಣಿಸಿತು. ಮಬ್ಬಾದ ಕೋಣೆಯಲ್ಲಿ ಪರದೆ ಮಾತ್ರ ಬೆಳಗುತ್ತಿತ್ತು. ಅದರ ಕೆಳಭಾಗದಲ್ಲಿ ಥಿಯೋನ ಉಸಿರಿನ ಅಲೆಗಳು ಹಾಯುತ್ತಿದ್ದವು. ಮೇಲ್ಭಾಗದಲ್ಲಿ ಅವಳ ಗೆರೆ ಕದಲದೆ ನಿಂತಿತ್ತು, ಪಕ್ಕದಲ್ಲಿ ಅದರ ಅಳತೆಗಳು. ಗುಡ್ಡದ ಎತ್ತರ ನಾನೂರ ಮೂವತ್ತೆರಡು ನ್ಯೂಟನ್. ಅದರ ಮುಂಚಿನ ತಗ್ಗು ಆರು ನ್ಯೂಟನ್, ಒಂದು ಉಸಿರಿನಷ್ಟು.