ಕೂರಲೊಲ್ಲದ ಬೀಗರು

ಪುಟ್ಟರಂಗಯ್ಯನವರನ್ನು ನಾನು ಮೊದಲು ಕಂಡದ್ದು, ಅವರು ನನ್ನ ಮಗಳು ಸುಧಾಳನ್ನು ತಮ್ಮ ಮಗನಿಗೆ ಕೇಳಲು ಗುಬ್ಬಿಯ ನಮ್ಮ ಮನೆಗೆ ಬಂದ ದಿನ. ಅವತ್ತು ಅವರು ಕೂರಲಿಲ್ಲ. ಹೆಣ್ಣು ನೋಡಲು ಬಂದವರು ಕೂರದೆ ಇದ್ದರೆ ಸಂಬಂಧ ಮನಸ್ಸಿಗೆ ಬಂದಿಲ್ಲವೆಂದೇ ನಮ್ಮ ಕಡೆ ಅರ್ಥ. ಕೈಯಿರುವ ಕುರ್ಚಿಯನ್ನು ನಾನು ಸೆರಗಿನಿಂದ ಒರೆಸಿ ಒರೆಸಿ ತೋರಿಸಿದೆ. ಅವರು ಅದರ ಬೆನ್ನಿನ ಮೇಲೆ ಒಂದು ಕೈಯಿಟ್ಟು, ಕಾಲುಗಳನ್ನು ತುಸು ಅಗಲಿಸಿ, ಕಾಲಡಿಯ ನೆಲವೇ ಅಲುಗುತ್ತಿದೆಯೇನೋ ಎಂಬಂತೆ ಮೈಯನ್ನು ಹದವಾಗಿ ತೂಗುತ್ತ, ಉಪ್ಪಿಟ್ಟನ್ನೂ ಕಾಫಿಯನ್ನೂ ನಿಂತೇ ಮುಗಿಸಿದರು. ನನ್ನ ಮುಖ ಬಾಡಿದ್ದನ್ನು ಅವರ ಹೆಂಡತಿ ಕೊಲ್ಲಾಪುರಮ್ಮ ಚಾಪೆಯ ಮೇಲಿಂದಲೇ ಗಮನಿಸಿದರು.

"ಅವ್ರುನ್ನ ಬುಡಿ ಗಂಗಮ್ಮ. ಕುಣಿಗಲ್ ಬಸ್ನಲ್ಲಿ ಕಂಡಕ್ಟ್ರಾಗಿ ನಿಂತು ನಿಂತು ಮಂಡಿ ಮಡಿಸೋದೇ ಮರ್ತವ್ರೆ. ನಮ್ ಮದ್ವೇಲಿ ಹಸೆ ಮೇಲೆ ಕೂರ್ಸಕ್ಕೆ ನಾಕು ಜನ ಹಿಡ್ಕೊಬೇಕಾಯ್ತು."

"ಕೂತ್ರೆ ಯಾರ್ನೋ ಸ್ಟಾಪಲ್ಲೇ ಬಿಟ್ಟು ಬಂದಂಗಾಯ್ತದೆ," ಎಂದರು ಬೀಗರು, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. "ಹುಡ್ಗಿ ಒಪ್ಗೆ ಗಂಗಮ್ಮೋರೆ. ರೈಟ್." ಹಾಗೆಂದು ಎರಡು ಬೆರಳಿನಿಂದ ನಮ್ಮ ಬಾಗಿಲ ಚೌಕಟ್ಟನ್ನು ಟಕ್ ಟಕ್ ಎಂದು ತಟ್ಟಿದರು. ಅಲ್ಲಿಗೆ ನನ್ನ ಮಗಳ ಮದುವೆ ನಿಶ್ಚಯವಾಯಿತು.

ಬಿಳಿಯ ಪಂಚೆಯ ಮೇಲೆ ಕುತ್ತಿಗೆಯವರೆಗೆ ಗುಂಡಿ ಹಾಕಿದ ಕರಿಯ ಕೋಟು, ಅದೂ ಚೈತ್ರದ ಬಿಸಿಲಿನಲ್ಲೂ ಮೈಬಿಟ್ಟಿಳಿಯದ ಕೋಟು, ಅವರ ಇನ್ನೊಂದು ಹಟ. ಟಿಕೆಟಿನ ಚರ್ಮದ ಚೀಲವನ್ನು ಹೊತ್ತೂ ಹೊತ್ತೂ ಅವರ ಎಡಭುಜ ಬಲಕ್ಕಿಂತ ಒಂದು ಬೆರಳು ಇಳಿದಿತ್ತು. ಅದು ಕಾಣದಿರಲೆಂದು ಕುಣಿಗಲ್ಲಿನ ಟೈಲರು ಎಡಗಡೆ ಹತ್ತಿ ತುಂಬಿ ಸಮ ಮಾಡಿದ್ದ. ಆ ಹತ್ತಿಯ ದಿಂಬು ಯಾರಿಗಾಗಿ ಕಾದಿತ್ತೆಂಬುದು ಆಗ ಅವನಿಗೂ ತಿಳಿದಿರಲಿಲ್ಲ, ನಮಗೂ.

ಮರುವರ್ಷ ಸುಧಾ ಬಾಣಂತನಕ್ಕೆ ಬಂದಳು, ಕೃತಿಕಾ ಹುಟ್ಟಿದಳು. ಎಳೆಮಕ್ಕಳು ಹಾಲು ಕಕ್ಕುವುದು ನಾನು ಕಾಣದ್ದೇನಲ್ಲ, ನಾನೂ ಹೆತ್ತು ಸಾಕಿದವಳು. ಈ ಮಗು ಮಾತ್ರ ಕುಡಿದಾಗಲೆಲ್ಲ ಕಕ್ಕುತ್ತಿತ್ತು. ಕುಡಿದ ಕೂಡಲೇ ನೀರಿನಂತೆ, ಸ್ವಲ್ಪ ಹೊತ್ತು ಬಿಟ್ಟರೆ ಒಡೆದ ಮೊಸರಿನಂತೆ, ಒಮ್ಮೊಮ್ಮೆ ಮೂಗಿನಲ್ಲೂ. ಕಕ್ಕಿ ತಾನು ನಗುತ್ತಿತ್ತು, ಅಳುತ್ತಿದ್ದವಳು ಸುಧಾ. ಹಿತ್ತಿಲ ತಂತಿಯ ತುಂಬ ಬಟ್ಟೆ, ಮನೆಯ ತುಂಬ ಹುಳಿ ವಾಸನೆ. ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದೆವು, ಬಜೆ ತೇಯ್ದು ನೆಕ್ಕಿಸಿದೆವು, ಬಾಣಂತಿಗೆ ಬೇಳೆ ನಿಲ್ಲಿಸಿ, ಸೊಪ್ಪು ನಿಲ್ಲಿಸಿ, ಬರಿಯ ಮೆಣಸಿನ ಸಾರಿಗೆ ಇಳಿಸಿದೆವು. ಇನ್ನು ನಮ್ಮ ಮನೆಗಳ ರೂಢಿ ಏನೆಂದರೆ, ಮಗು ಹಾಲು ಕುಡಿದು ಬಾಯಿ ಬಿಟ್ಟಿತೋ ಇಲ್ಲವೋ, ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಹಾಕಿ ಜೋರಾಗಿ ತೂಗುವುದು. ಜೋಲಿಯಲ್ಲಿ ಮಗು ಕುಡುಗೋಲಿನಂತೆ ಬಾಗಿ ಮಲಗುತ್ತದೆ, ಹೊಟ್ಟೆ ಒತ್ತುತ್ತದೆ. ಕಕ್ಕಿದರೆ, ಪಾಪ, ಹೊಟ್ಟೆ ಖಾಲಿಯಾಯಿತೆಂದು ಮತ್ತೆ ಎದೆಗೆ ಹಚ್ಚುವುದು. ಅದು ಮತ್ತೆ ಕಕ್ಕುವುದು.

ಮಗುವನ್ನು ನೋಡಲು ಬೀಗರಿಬ್ಬರೂ ಬಂದರು. ಕೊಲ್ಲಾಪುರಮ್ಮ ಮಡಿಲಲ್ಲಿಟ್ಟುಕೊಂಡ ಮಗು ಅವರ ಹೊಸ ಸೀರೆಯ ಮೇಲೆಯೇ ಕಕ್ಕಿತು. ಅವರು ಸಿಟ್ಟಾಗಲಿಲ್ಲ, ತೀರ್ಪು ಕೊಟ್ಟರು.

"ತಾಯಾಲು ಒಗ್ತಿಲ್ಲ ಇದುಕ್ಕೆ. ಸೋಮವಾರದಿಂದ ಎದೆ ಬುಡ್ಸಿ ಡಬ್ಬಿ ಹಾಲು ಹಾಕಣ."

ಸುಧಾ ಗೋಡೆಯ ಕಡೆ ಮುಖ ತಿರುಗಿಸಿದಳು. ಒಮ್ಮೆ ಬತ್ತಿದ ಎದೆಗೆ ಮತ್ತೆ ಹಾಲು ಇಳಿಸುವುದು ಎಷ್ಟು ಕಷ್ಟವೆಂಬುದು ನನಗೆ ಗೊತ್ತು. ತನ್ನ ಹಾಲೇ ಮಗುವಿಗೆ ವಿಷವಾಯಿತೆಂಬ ಮಾತು ಹೆತ್ತವಳ ಒಳಗೆ ಎಷ್ಟು ಆಳಕ್ಕೆ ಇಳಿಯುತ್ತದೆಂಬುದೂ ಗೊತ್ತು. ಆದರೆ ಹೆಣ್ಣು ಕೊಟ್ಟವಳು ನಾನು, ಗಂಡನಿಲ್ಲದವಳು, ಬೀಗಿತ್ತಿಯ ಮಾತಿಗೆ ಎದುರು ಯಾವ ಬಾಯಿಂದ ಆಡಲಿ. ಮಗುವನ್ನೆತ್ತಿ ಇನ್ನೊಮ್ಮೆ ಹಾಲು ಕುಡಿಸಲು ಸುಧಾಳಿಗೆ ಕೊಟ್ಟೆ. ಕುಡಿದಾದ ಮೇಲೆ ಜೋಲಿಯ ಕಡೆ ನಡೆದೆ.

ಬಾಗಿಲಲ್ಲಿ ಯಥಾಪ್ರಕಾರ ನಿಂತಿದ್ದ ಬೀಗರು ಕೈ ಚಾಚಿದರು. "ಇತ್ಲಾಗ್ ಕೊಡಿ. ಹೆಂಗೂ ನಿಂತೇ ಇದೀನಿ."

ಮಗುವನ್ನು ನೆಟ್ಟಗೆ ಎತ್ತಿ, ಹತ್ತಿ ತುಂಬಿದ ಆ ಎಡಭುಜದ ಮೇಲೆ ಗದ್ದ ಊರಿಸಿಕೊಂಡು, ಜಗುಲಿಯಿಂದ ಹಿತ್ತಿಲ ತೆಂಗಿನ ಮರದವರೆಗೆ, ಅಲ್ಲಿಂದ ಮತ್ತೆ ಜಗುಲಿಗೆ, ಅದೇ ತೂಗುನಡಿಗೆಯಲ್ಲಿ ನಡೆಯತೊಡಗಿದರು. ಜೊತೆಗೆ ಮಗುವಿನ ಕಿವಿಯಲ್ಲಿ ಕುಣಿಗಲ್ ದಾರಿಯ ಸ್ಟಾಪುಗಳ ಪಿಸುಮಾತು: "ಗೂಳೂರು... ಯಾರವ್ವ ಇಳಿಯೋರು... ಹೆಬ್ಬೂರು... ಒಸಿ ಒಳಕ್ಕೆ ನಡೀರಿ..." ಹೆಬ್ಬೂರು ದಾಟುವಷ್ಟರಲ್ಲಿ ಮಗು ದೊಡ್ಡವರಂತೆ ಒಂದು ತೇಗು ತೇಗಿತು. ಕೋಟಿನ ಮೇಲೆ ಒಂದು ಚಮಚದಷ್ಟು ಹಾಲು ಬಿತ್ತು, ಅಷ್ಟೇ. "ರೈಟ್," ಎಂದು ಬೀಗರು ಮಗುವಿನ ಬೆನ್ನು ತಟ್ಟಿದರು. ಕುಣಿಗಲ್ಲು ಮುಟ್ಟುವವರೆಗೂ ಕೆಳಗಿಳಿಸಲಿಲ್ಲ.

"ಡಬ್ಬಿ ಹಾಲು ಇರ್ಲಿ, ಮೊದ್ಲು ತುಮಕೂರಲ್ಲಿ ಡಾಕ್ಟ್ರುನ್ನ ಕೇಳಣ," ಎಂದು ಹೆಂಡತಿಗೆ ಹೇಳಿ, ಸೋಮವಾರದವರೆಗೆ ನಮ್ಮ ಮನೆಯಲ್ಲೇ ಉಳಿದರು. ಗಂಡಿನ ತಂದೆ ಬಾಣಂತಿ ಮನೆಯಲ್ಲಿ ಹೀಗೆ ನೆಲೆಯೂರುವುದನ್ನು ನಮ್ಮ ಬೀದಿ ಕಂಡಿರಲಿಲ್ಲ. ಎದುರುಮನೆಯ ವನಜಮ್ಮ ಬೇಲಿಯ ಮೇಲಿಂದ ಕೇಳಿಯೇಬಿಟ್ಟಳು: "ಏನ್ ಬೀಗ್ರೆ, ಬಾಣಂತನ ಮಾಡಕ್ಕೆ ಬಂದಿದೀರಾ?"

"ಹೂಂ ಕಣವ್ವ. ನಿಮ್ಮನೇಲಿ ಕೂಸಿದ್ರೆ ತತ್ತಾ, ಇನ್ನೊಂದ್ ಭುಜ ಖಾಲಿ ಐತೆ."

ಸೋಮವಾರ ಎಲ್ಲರೂ ತುಮಕೂರಿಗೆ ಹೊರಟೆವು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೂ ಅವರು ಕೂರಲಿಲ್ಲ. ಕಂಬಿ ಹಿಡಿಯದೆ, ಮಗುವನ್ನು ಎರಡು ಕೈಯಲ್ಲಿ ಅಪ್ಪಿಕೊಂಡು, ತಿರುವು ತಿರುವಿಗೂ ಮೈಯೊಗ್ಗಿಸಿ ನಿಂತ ಆ ನಿಲುವನ್ನು ಬಸ್ಸಿನ ಕಂಡಕ್ಟರೇ ಬೆರಗಿನಿಂದ ನೋಡುತ್ತಿದ್ದ.

ಡಾಕ್ಟರು ಮಗುವನ್ನು ತೂಕಕ್ಕೆ ಹಾಕಿದರು, ಹೊಟ್ಟೆ ಒತ್ತಿ ನೋಡಿದರು.

"ತೂಕ ಚೆನ್ನಾಗಿ ಏರಿದೆ," ಎಂದರು ಅವರು. "ಕಕ್ಕಿದ್ದು ನಿಮ್ಮ ಕಣ್ಣಿಗೆ ಕಾಣುತ್ತೆ, ಒಳಗೆ ಉಳಿದದ್ದು ಕಾಣಲ್ಲ. ತಾಯಿ ಹಾಲಿಗೆ ಏನೂ ಆಗಿಲ್ಲ, ಅದನ್ನೇ ಕೊಡಿ. ಕುಡಿದ ಮೇಲೆ ಸ್ವಲ್ಪ ಹೊತ್ತು ನೆಟ್ಟಗೆ ಎತ್ಕೊಂಡಿರಿ. ಕಕ್ಕಿತು ಅಂತ ತಕ್ಷಣ ಮತ್ತೆ ತುಂಬಬೇಡಿ. ಬಾಣಂತಿಗೆ ಹೊಟ್ಟೆ ತುಂಬ ಊಟ ಹಾಕಿ. ಮಗು ಕೂರೋದು ಕಲಿತರೆ ಇದೆಲ್ಲ ತಾನಾಗೇ ನಿಲ್ಲುತ್ತೆ."

"ಕೂರೋದು ಕಲಿತ್ರಾ?" ಬೀಗರ ಮುಖ ಚಿಕ್ಕದಾಯಿತು.

"ಕೇಳುಸ್ಕಳಿ," ಎಂದರು ಕೊಲ್ಲಾಪುರಮ್ಮ. "ತಾತನೇ ಇನ್ನೂ ಕಲ್ತಿಲ್ಲ ಡಾಕ್ಟ್ರೆ, ಮೊಮ್ಮಗಳು ಯಾವ್ ಕಾಲುಕ್ಕೆ ಕಲ್ತಾಳು."

ಸುಧಾ ನಕ್ಕಳು. ಹೆರಿಗೆಯಾದ ಮೇಲೆ ಅವಳ ನಗುವನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಎದೆಯ ಮೇಲಿಂದ ಬೀಸುವ ಕಲ್ಲನ್ನು ಯಾರೋ ಇಳಿಸಿದಂತಾಯಿತು. ಮನೆಗೆ ಬಂದು ಬೇಳೆ ಹಾಕಿ ಸಾರು ಮಾಡಿದೆ. ಅವಳಿಗೆ ಎರಡನೆಯ ಸಲ ಅನ್ನ ಬಡಿಸಿದವರು ಕೊಲ್ಲಾಪುರಮ್ಮ.

ಕಕ್ಕುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ. ಬೀಗರು ಕುಣಿಗಲ್ಲಿನಿಂದ ಬರುವರು, ನಡೆಯುವರು, ಹೋಗುವರು. ಅವರಿಲ್ಲದಾಗ ಸುಧಾ, ನಾನು, ರಜೆಗೆ ಬಂದರೆ ಅಳಿಯ ಗಂಗಾಧರ, ಅವರ ದಾರಿಯಲ್ಲೇ ಗೂಳೂರು ಹೆಬ್ಬೂರು ಸುತ್ತುವುದನ್ನು ಕಲಿತೆವು. ಡಾಕ್ಟರು ಹೇಳಿದಂತೆ ಮಗು ಕೂರುವುದನ್ನು ಕಲಿಯಿತು, ಕಕ್ಕುವುದನ್ನು ಮರೆಯಿತು. ಆದರೆ ಮಗುವಿಗೆ ವಾಸಿಯಾದದ್ದು ಬಸ್ಸಿನ ಗಾಳಿಯಿಂದ ಎಂಬ ಬೀಗರ ನಂಬಿಕೆಯನ್ನು ಯಾರಿಗೂ ಕದಲಿಸಲಾಗಲಿಲ್ಲ.

ಕೋಟಿನ ಎಡಭುಜದ ಮೇಲೆ ಬಿಳಿಯ ಕಲೆ ಉಳಿಯಿತು. "ಆ ಕೋಟ್ಗೆ ಹೆಪ್ಪು ಹಾಕಿದ್ರೆ ಊರ್ಗೆಲ್ಲ ಮಜ್ಜಿಗೆ ಹಂಚ್ಬೋದಾಗಿತ್ತು," ಎಂದು ಹೆಂಡತಿ ಹಂಗಿಸಿದರೂ ಬೀಗರು ಅದನ್ನು ಡ್ರೈಕ್ಲೀನಿಗೆ ಕೊಡಲು ಒಪ್ಪಲಿಲ್ಲ. ಕೃತಿಕಾಳ ಶಾಲೆಯ ವಾರ್ಷಿಕೋತ್ಸವಕ್ಕೂ ಅದನ್ನೇ ತೊಟ್ಟು, ಕುರ್ಚಿಗಳ ಹಿಂದೆ ನಿಂತು ನೋಡಿದರು. "ಇದು ನಾನು ಮಾಡಿದ್ದು," ಎಂದು ಹುಡುಗಿ ಗೆಳತಿಯರಿಗೆ ಆ ಕಲೆಯನ್ನು ತೋರಿಸಿದಳು, ಬಹುಮಾನ ತೋರಿಸಿದಂತೆ.

ಕೆಲವು ಕಷ್ಟಗಳಿಗೆ ಮದ್ದಿರುವುದಿಲ್ಲ, ಅವು ಕಳೆಯಲು ಕಾಲ ಬೇಕು. ಬುದ್ಧಿ ಹೇಳುವವರು ಆ ಕಾಲವನ್ನು ದೂರದಿಂದ ನೋಡುತ್ತಾರೆ. ಪುಟ್ಟರಂಗಯ್ಯನಂಥವರು ಅದನ್ನು ಭುಜದ ಮೇಲೆ ಹಾಕಿಕೊಂಡು, ಅದು ಮೈಮೇಲೆ ಕಕ್ಕಿದರೂ ಮುಖ ಕಿವುಚದೆ, ತಲುಪುವ ಊರು ತಲುಪುವವರೆಗೆ ನಡೆಯುತ್ತಾರೆ. ತಾವು ಏನೋ ಮಾಡಿದೆವೆಂಬುದು ಅಂಥವರಿಗೆ ತಿಳಿಯುವುದೂ ಇಲ್ಲ.

ಅವರು ಕೊನೆಯ ಸಲ ಗುಬ್ಬಿಗೆ ಬಂದಾಗ ಕೃತಿಕಾ ಹೈಸ್ಕೂಲಿಗೆ ಸೇರಿದ್ದಳು. ಕೋಟು ಅವರಿಗೆ ದೊಡ್ಡದಾಗಿತ್ತು, ನಡಿಗೆಯ ತೂಗು ಈಗ ತಡವರಿಕೆಯಾಗಿತ್ತು. ಊಟ ಮುಗಿದಿತ್ತು. ಜಗುಲಿಯಲ್ಲಿ ಸುಧಾಳೂ ಅವಳ ಅತ್ತೆಯೂ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು, ಹುಡುಗಿ ಮೆಟ್ಟಿಲ ಮೇಲೆ ಕುಳಿತು ಮಜ್ಜಿಗೆ ಕುಡಿಯುತ್ತಿದ್ದಳು. ಬೀಗರು ಅದೇ ಕೈಯಿರುವ ಕುರ್ಚಿಯ ಬೆನ್ನು ಹಿಡಿದು ನಿಂತು, ಒಬ್ಬೊಬ್ಬರನ್ನೇ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

"ಸ್ಟಾಪಲ್ಲಿ ಯಾರೂ ಉಳ್ಕಂಡಿಲ್ಲ ಅಲ್ವಾ ಗಂಗಮ್ಮೋರೆ? ಹಂಗಾರೆ ನಾನೊಸಿ ಕೂತ್ಕಳ್ಳಾ?"